ಎಂಟನೇ ಹೆಜ್ಜೆಗೆ ನಿಂತವನು

೯-೧೨-೧೯೮೪, ಭಾನುವಾರ

ಇವತ್ತು ಹೊಸೂರಿನಲ್ಲಿ ನನ್ನನ್ನು ಬೈಯದೆ ಉಳಿದವರು ಯಾರಾದರೂ ಇದ್ದರೆ ಅವರು ಮೈದಾನಕ್ಕೆ ಬಂದಿರಲಿಲ್ಲ, ಅಷ್ಟೇ. ಬೈಯಲಿ. ಇಪ್ಪತ್ತೆರಡು ವರ್ಷದಿಂದ ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರು, ಹದಿನಾಲ್ಕು ವರ್ಷದಿಂದ ಫುಟ್‌ಬಾಲ್ ರೆಫ್ರಿ. ಈ ತಾಲ್ಲೂಕಿನಲ್ಲಿ ಆಟದ ನಿಯಮದ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿದವನು ನಾನೊಬ್ಬನೇ. ಬೈದವರಲ್ಲಿ ಒಬ್ಬನೂ ಅದರ ರಟ್ಟು ಕೂಡ ಕಂಡವನಲ್ಲ.

ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತೇನೆ. ಹೊಸೂರು ಕಪ್ಪಿನ ಫೈನಲ್. ಒಂದು ಕಡೆ ಸಿಪ್‌ಕಾಟ್ ಕೈಗಾರಿಕಾ ಬಡಾವಣೆಯ ಪಂಪ್ ಕಾರ್ಖಾನೆಯ ತಂಡ, ಇನ್ನೊಂದು ಕಡೆ ಕೆಲಮಂಗಲದವರು. ಇಬ್ಬರದೂ ಗೋಲಿಲ್ಲ. ಮುಗಿಯಲು ಐದು ನಿಮಿಷ ಇರುವಾಗ ಕೆಲಮಂಗಲದವನೊಬ್ಬ ತನ್ನ ಗೋಲಿನ ಮುಂದೆ ಚೆಂಡನ್ನು ಕೈಯಲ್ಲಿ ತಡೆದ. ಪೆನಾಲ್ಟಿ ಕೊಟ್ಟೆ. ಆಗ ಇದೇ ಜನ ನನ್ನನ್ನು ಹೊಗಳಿದರು.

ಒದೆಯಲು ಬಂದವನು ಬೇರಿಕೆ ಕಡೆಯ ಒಬ್ಬ ಹುಡುಗ. ಬಚ್ಚಪ್ಪ ಅಂತೆ, ಕಾರ್ಖಾನೆಯಲ್ಲಿ ಟೆಂಪರರಿ ಕೆಲಸವಂತೆ. ಓಡಿ ಬಂದ. ಏಳು ಹೆಜ್ಜೆ. ಎಂಟನೇ ಹೆಜ್ಜೆ ಊರಿದವನು ಅಲ್ಲೇ ನಿಂತುಬಿಟ್ಟ. ಓಡುವವನು ನಿಲ್ಲುವಾಗ ಮೈ ಮುಂದಕ್ಕೆ ವಾಲುತ್ತದೆ, ಕೈ ಅಲ್ಲಾಡುತ್ತದೆ. ಇವನದು ಏನೂ ಇಲ್ಲ. ನೆಟ್ಟ ಕಲ್ಲಿನ ಹಾಗೆ ನಿಂತ. ಕೆಲಮಂಗಲದ ಕೀಪರ್ ಗೋಪಾಲಪ್ಪ ಎಡಕ್ಕೆ ಹಾರಿ ಬಿದ್ದ. ಅವನು ಬಿದ್ದ ಮೇಲೆ ಈ ಹುಡುಗ ಚೆಂಡನ್ನು ಬಲಗಡೆಗೆ ಮೆತ್ತಗೆ ತಳ್ಳಿದ, ಮಗುವನ್ನು ತೊಟ್ಟಿಲಿಗೆ ಹಾಕುವ ಹಾಗೆ. ಗೋಲು.

ಸೀಟಿ ಊದಿದೆ. ಫುಟ್‌ಬಾಲ್ ಸಂಘದ ೧೯೮೨ರ ಸುತ್ತೋಲೆಯನ್ನು ನಿಯಮದ ಪುಸ್ತಕದ ಹಿಂದೆ ಅಂಟಿಸಿ ಇಟ್ಟುಕೊಂಡಿದ್ದೇನೆ. ಪೆನಾಲ್ಟಿ ಒದೆಯುವವನು ಓಟದ ನಡುವೆ ನಿಂತು ಕೀಪರನನ್ನು ಯಾಮಾರಿಸಿದರೆ ಅದು ಅಸಭ್ಯ ಆಟ, ಎಚ್ಚರಿಕೆ ಕೊಡಬೇಕು. ಹಳದಿ ಕಾರ್ಡ್ ತೋರಿಸಿದೆ. ಗೋಲು ರದ್ದು, ಮತ್ತೆ ಒದೆ ಎಂದೆ. ಎರಡನೇ ಸಲ ಅವನು ನಿಲ್ಲದೆ ಒದ್ದ. ಚೆಂಡು ಗೋಲಿನ ಮೇಲಿಂದ ಹಾರಿ ಹುಣಸೆಮರಕ್ಕೆ ಹೋಯಿತು. ಹೆಚ್ಚುವರಿ ಸಮಯದಲ್ಲಿ ಕೆಲಮಂಗಲದವರು ಒಂದು ಗೋಲು ಹೊಡೆದು ಕಪ್ಪು ಎತ್ತಿಕೊಂಡು ಹೋದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಕಾರ್ಖಾನೆಯವರ ಗೋಳು.

ಮನೆಗೆ ಬಂದರೆ ಜಾನಕಿಯೂ ಅದೇ ರಾಗ. "ಅವನು ನಿಂತ. ನಿಂತಿದ್ದಕ್ಕೆ ಶಿಕ್ಷೇನಾ ರೀ?" ಎಂದಳು. ಹೆಂಗಸಿಗೆ ಸುತ್ತೋಲೆ ಬಿಡಿಸಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಊಟಕ್ಕೆ ಏಳಿ" ಎಂದಳು.

೧೧-೧೨-೧೯೮೪

ಬೆಳಗಿನ ಪ್ರಾರ್ಥನೆಗೆ ಸಾಲು ನಿಲ್ಲಿಸುವಾಗ ಹತ್ತನೇ ತರಗತಿಯ ಹುಡುಗರು ಏಳು ಹೆಜ್ಜೆ ಹಾಕಿ ಎಂಟನೆಯದಕ್ಕೆ ಕಲ್ಲಾದರು. ಒಬ್ಬನಲ್ಲ, ಇಡೀ ಸಾಲು. ಹೆಡ್‌ಮಾಸ್ಟರ್ ನಗು ತಡೆಯಲಾರದೆ ತಮಿಳಿನಲ್ಲಿ, "ಎನ್ನ ಸಾರ್, ಇವಂಗಳುಕ್ಕೂ ಕಾರ್ಡಾ?" ಎಂದರು, ಇವರಿಗೂ ಕಾರ್ಡ್ ತೋರಿಸುತ್ತೀರಾ ಎಂದು. ಎಲ್ಲರಿಗೂ ಮೈದಾನ ನಾಲ್ಕು ಸುತ್ತು ಓಡಿಸಿದೆ.

ಒಂದು ವಿಷಯ ಗಮನಿಸಿದೆ. ಒಬ್ಬನಿಗೂ ಸರಿಯಾಗಿ ನಿಲ್ಲಲು ಬರಲಿಲ್ಲ. ಎಲ್ಲರೂ ಮುಗ್ಗರಿಸಿದರು.

೧೬-೧೨-೧೯೮೪, ಭಾನುವಾರ

ಬೀದಿಯಲ್ಲಿ ಎಲೆಕ್ಷನ್ ಮೈಕಿನ ಗಲಾಟೆ. ಅದರ ನಡುವೆ ಒಬ್ಬ ಹಳ್ಳಿ ಹೆಂಗಸು ಮಡಿಲು ತುಂಬ ಅವರೆಕಾಯಿ ಕಟ್ಟಿಕೊಂಡು ಬಂದಳು. ಮಾರುವವಳು ಎಂದುಕೊಂಡು ಜಾನಕಿ ಅಳತೆಪಾವು ತಂದರೆ, "ಮಾರಕ್ಕಲ್ಲ ತಾಯಿ, ಸಾಮಿಗೆ ಕೊಟ್ಟು ಒಂದು ಮಾತು ಕೇಳ್ಬೇಕು" ಎಂದಳು. ಬಚ್ಚಪ್ಪನ ತಾಯಿ, ಪಿಳ್ಳಮ್ಮ.

"ಊರೆಲ್ಲಾ ನಿನ್ ಮಗ ಮೋಸದಾಟ ಆಡಿ ಸಿಕ್ಕಾಕ್ಕೊಂಡ ಅಂತಾರೆ. ಏನ್ ಮೋಸ ಮಾಡ್ದ ಹೇಳಿ ಸಾಮಿ, ನಾನೇ ನಾಕು ಬಾರಿಸ್ತೀನಿ" ಎಂದಳು.

"ಓಡ್ತಾ ಓಡ್ತಾ ನಿಂತನಮ್ಮ."

"ನಿಂತ್ಕಂಡು?"

"ನಿಂತು ಆಮೇಲೆ ಒದ್ದ."

ಪಿಳ್ಳಮ್ಮ ಇನ್ನೂ ಏನೋ ಇದೆ ಎಂದು ಕಾದಳು. ನನ್ನ ಹತ್ತಿರ ಇನ್ನೇನೂ ಇರಲಿಲ್ಲ. ಆಮೇಲೆ ಅವಳೇ ಹೇಳಿದಳು. ಕಪ್ಪು ಗೆದ್ದರೆ ತಂಡದಲ್ಲಿರುವ ಟೆಂಪರರಿ ಹುಡುಗರನ್ನು ಪರ್ಮನೆಂಟ್ ಮಾಡುತ್ತೇವೆ ಎಂದು ಕಾರ್ಖಾನೆಯ ಮ್ಯಾನೇಜರ್ ಮಾತು ಕೊಟ್ಟಿದ್ದರಂತೆ. "ಈಗ ಇನ್ನೊಂದು ವರ್ಸ ನೋಡಾನ ಅಂದವ್ರೆ. ಮುಂದಿನ್ ಸಲ ಕಪ್ಪು ತಂದ್ರೆ ಕೆಲ್ಸ, ಇಲ್ದಿದ್ರೆ ಮನೀಗೋಗು ಅಂತ. ನಮ್ಮ ವಂಸದಲ್ಲೇ ತಿಂಗಳ ಸಂಬಳ ಕಂಡೋನು ಅವ್ನೊಬ್ನೇ ಸಾಮಿ."

ಅವಳು ಹೋದ ಮೇಲೆ ಜಾನಕಿ ಅವರೆಕಾಯಿ ಸುಲಿಯುತ್ತ ಕೂತಳು. ಬೈದಿದ್ದರೆ ಚೆನ್ನಾಗಿತ್ತು. ನಿಯಮ ಮಾಡಿದವನು ನಾನಲ್ಲ, ಪಾಲಿಸುವವನು. ಒಬ್ಬನ ಕೆಲಸ ಹೋಗುತ್ತದೆ ಎಂದು ಸೀಟಿ ನುಂಗಿಕೊಂಡರೆ ನಾನೆಂಥ ರೆಫ್ರಿ?

೧೨-೧-೧೯೮೫

ಜಿಲ್ಲಾ ಸಂಘದ ಕಾರ್ಯದರ್ಶಿಯಿಂದ ಕಾಗದ. ಸುತ್ತೋಲೆಯನ್ನು ಅಕ್ಷರ ಬಿಡದೆ ಪಾಲಿಸಿದ್ದೀರಿ, ಮುಂದಿನ ವರ್ಷ ಮದ್ರಾಸಿನ ರಾಜ್ಯ ಪ್ಯಾನೆಲ್ಲಿಗೆ ನಿಮ್ಮ ಹೆಸರು ಕಳಿಸುತ್ತೇನೆ ಎಂದು ಬರೆದಿದ್ದಾರೆ. ಹತ್ತು ವರ್ಷದಿಂದ ಇದಕ್ಕಾಗಿ ಬಾಯಿ ಬಿಟ್ಟುಕೊಂಡು ಕೂತಿದ್ದೆ. ಮೂರು ಸಲ ಓದಿದೆ. ಮೂರನೇ ಸಲಕ್ಕೆ ಅಷ್ಟು ಖುಷಿಯಾಗಲಿಲ್ಲ.

೧೦-೨-೧೯೮೫, ಭಾನುವಾರ

ಹುರಳಿ ತರಲು ಬೇರಿಕೆಗೆ ಹೋದೆ. ಹೊಸೂರಿನಲ್ಲಿ ಸಿಗುವ ಹುರಳಿಯಲ್ಲಿ ಕಲ್ಲು ಜಾಸ್ತಿ. ಬಸ್ಸಿಳಿದು ಹಾಗೇ ಗದ್ದೆ ಕಡೆ ನಡೆದೆ. ಆ ಹುಡುಗನ ಹೊಲ ಅದೇ ದಾರಿಯಲ್ಲಿದೆ ಎಂದು ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು. ಎರಡು ಕಡೆ ಕೇಳಿದ್ದೆ, ನಿಜ.

ಬಚ್ಚಪ್ಪ ಬಾವಿಯ ಮೇಲೆ ಎತ್ತು ಕಟ್ಟಿ ಕಪಿಲೆ ಹೊಡೆಯುತ್ತಿದ್ದ. ಕಪಿಲೆ ನೋಡಿ ಎಷ್ಟು ವರ್ಷವಾಗಿತ್ತು! ಇಳಿಜಾರಿನಲ್ಲಿ ಎತ್ತುಗಳು ಮಿಣಿಹಗ್ಗ ಎಳೆದುಕೊಂಡು ಇಳಿಯುತ್ತವೆ, ಬಾವಿಯಿಂದ ಚರ್ಮದ ಬಾನಿ ಮೇಲೆ ಬರುತ್ತದೆ, ಇವನು ಮಿಣಿಯ ಮೇಲೆ ಕೂತು ಇಳಿಯುತ್ತಾನೆ. ಕೊನೆಗೆ ಒಂದು ಜಾಗದಲ್ಲಿ ಎತ್ತೂ ಇವನೂ ಒಟ್ಟಿಗೆ ನಿಲ್ಲುತ್ತಾರೆ. ಬಾನಿ ತೊಟ್ಟಿಗೆ ಸುರಿಯುತ್ತದೆ. ಮತ್ತೆ ಹಿಂದಕ್ಕೆ. ನಾನು ಎಣಿಸಿದೆ. ನಲವತ್ತು ಬಾನಿ, ನಲವತ್ತು ಸಲವೂ ಅದೇ ಜಾಗ, ಒಂದು ಗೇಣು ಆಚೀಚೆ ಇಲ್ಲ.

ನನ್ನನ್ನು ಕಂಡು ಗಾಬರಿಯಾದ. ಹುರಳಿಗೆ ಬಂದೆ ಎಂದೆ. ಅವನ ತಂದೆ ವೆಂಕಟರಮಣಪ್ಪ ಬದುವಿನ ಮೇಲೆ ಕೂತು ಬೀಡಿ ಸೇದುತ್ತಿದ್ದವನು, "ನಮ್ಮ ಎತ್ಗೂ ಒಂದೊಂದು ಹಳ್ದಿ ಚೀಟಿ ತೋರ್ಸಿ ಸಾಮಿ, ಅವೂ ನಿಂತ್ಕತವೆ" ಎಂದ. ಆ ಮುದುಕನ ಬಾಯಿಗೆ ಅಡ್ಡಿಯಿಲ್ಲ.

ಬಚ್ಚಪ್ಪ ನಾಚಿಕೊಂಡೇ ಹೇಳಿದ. "ಒಂದೆಜ್ಜೆ ಜಾಸ್ತಿ ಆದ್ರೆ ಬಾನಿ ರಾಟೆಗೆ ಹೊಡ್ದು ಮಿಣಿ ಕಿತ್ತೋಗ್ತದೆ ಸಾರ್. ಒಂದೆಜ್ಜೆ ಕಮ್ಮಿ ಆದ್ರೆ ನೀರೆಲ್ಲಾ ವಾಪಸ್ ಬಾವಿಗೇ. ಏಳ್ನೇ ವಯಸ್ಸಿಂದ ಇದೇ ಕೆಲ್ಸ. ಕಾಲು ತಾನಾಗೇ ನಿಂತ್ಕಬುಡ್ತದೆ."

ಕಾರ್ಖಾನೆಯಲ್ಲಿ ದಿನಕ್ಕೆ ಅರವತ್ತು ಪಂಪಿಗೆ ಬೋಲ್ಟ್ ಬಿಗಿಯುವವನು ಮನೆಯಲ್ಲಿ ಕಪಿಲೆ ಹೊಡೆಯುತ್ತಾನೆ. ಕರೆಂಟು ಕಂಬ ಅವರ ಹೊಲದ ತನಕ ಇನ್ನೂ ಬಂದಿಲ್ಲ.

ಹುರಳಿ ಎರಡು ಸೇರು ತಂದೆ. ಇದರಲ್ಲೂ ಕಲ್ಲಿದೆ ಎಂದಳು ಜಾನಕಿ.

೧೭-೨-೧೯೮೫, ಭಾನುವಾರ

ಮತ್ತೆ ಬೇರಿಕೆ. ಕೆರೆ ಏರಿಯ ಕೆಳಗೆ ಎರಡು ಗೂಟ ನೆಟ್ಟು ಬಚ್ಚಪ್ಪ ಪೆನಾಲ್ಟಿ ಒದೆಯುತ್ತಿದ್ದ. ಕೀಪರ್ ಇರಲಿಲ್ಲ. ಸುಮ್ಮನೆ ನಿಂತು ನೋಡುವ ಬದಲು ಚಪ್ಪಲಿ ಬಿಟ್ಟು, ಪಂಚೆ ಎತ್ತಿ ಕಟ್ಟಿ, ನಾನೇ ಗೂಟದ ನಡುವೆ ನಿಂತೆ. ಅಧ್ಯಯನಕ್ಕಾಗಿ.

"ಬ್ಯಾಡ ಸಾರ್, ಬಿದ್ದು ಗಿದ್ದೀರಿ" ಎಂದ.

"ಒದೆಯೋ" ಎಂದೆ.

ಓಡಿ ಬಂದ. ಎದುರಿನಿಂದ ನೋಡುವುದೇ ಬೇರೆ. ಪಕ್ಕದಲ್ಲಿ ಸೀಟಿ ಹಿಡಿದು ನಿಂತವನಿಗೆ ಅದೇನೂ ಕಾಣುವುದಿಲ್ಲ. ಅವನು ಹತ್ತಿರ ಬರುತ್ತಾ ಇದ್ದ ಹಾಗೆ ಯಾವ ಕಡೆಗಾದರೂ ಹಾರಿಬಿಡೋಣ ಎನ್ನಿಸುತ್ತದೆ. ಎಂಟನೇ ಹೆಜ್ಜೆಗೆ ನಿಂತ. ನಾನು ಆಗಲೇ ನೆಲದ ಮೇಲೆ, ಬಾಯಿ ತುಂಬ ಮಣ್ಣು. ಚೆಂಡು ಇನ್ನೂ ಇಟ್ಟಲ್ಲೇ ಇತ್ತು. ಅವನು ನಗಲಿಲ್ಲ. ಓಡಿ ಬಂದು ಎತ್ತಿ ನಿಲ್ಲಿಸಿದ.

"ನಾನ್ ನಿಲ್ತೀನಿ, ಅವ್ರೇ ಬೀಳ್ತಾರೆ ಸಾರ್. ಬೀಳಿ ಅಂತ ನಾನೇನ್ ಹೇಳಿದ್ನಾ?"

ಹತ್ತು ಸಲ ಒದೆಸಿದೆ. ಹತ್ತು ಸಲವೂ ಬಿದ್ದೆ. ಏನು ಕಾಲಪ್ಪ ಅದು! ಓಟ ಓಟವೇ, ನಿಲುವು ನಿಲುವೇ. ನಡುವೆ ಎಲ್ಲಿ ಒಂದು ಇನ್ನೊಂದಾಯಿತು ಎಂದು ಎಷ್ಟು ಕಣ್ಣು ಬಿಟ್ಟು ನೋಡಿದರೂ ಗೊತ್ತಾಗುವುದಿಲ್ಲ. ಹದಿನಾಲ್ಕು ವರ್ಷದಲ್ಲಿ ಇಂಥದ್ದು ನೋಡಿಲ್ಲ. ಕಾನೂನಿಗೆ ವಿರುದ್ಧ, ಅದು ಬೇರೆ ವಿಷಯ.

ಹುರಳಿ ಮರೆತು ಬಂದೆ. "ಮೊಣಕೈ ತರಚಿಕೊಂಡು ಬರೋಕೆ ಬೇರಿಕೆವರೆಗೂ ಹೋಗ್ಬೇಕಿತ್ತಾ? ನಮ್ಮನೆ ಮೆಟ್ಟಿಲೇ ಸಾಕಾಗಿತ್ತು" ಎಂದು ಜಾನಕಿ ಅರಿಸಿನ ಹಚ್ಚಿದಳು.

೧೮-೨-೧೯೮೫

ಶಾಲೆಗೆ ಹೋಗುವ ಮೊದಲು ಪುಸ್ತಕ ತೆಗೆದೆ. ಹದಿನಾಲ್ಕನೇ ನಿಯಮ. ಪೆನಾಲ್ಟಿ ಒದೆಯುವ ತನಕ ಕೀಪರ್ ಗೋಲು ಗೆರೆಯ ಮೇಲೆ ಪಾದ ಕದಲಿಸದೆ ನಿಂತಿರಬೇಕು. ಈ ಸಾಲನ್ನು ನೂರು ಸಲ ಓದಿದ್ದೇನೆ, ಕೆಂಪು ಶಾಯಿಯಲ್ಲಿ ಗೀಟು ಬೇರೆ ಎಳೆದಿದ್ದೇನೆ.

ಹಾಗಾದರೆ ಅವತ್ತು ಗೋಪಾಲಪ್ಪ ಚೆಂಡು ಕದಲುವ ಮೊದಲೇ ಹಾರಿದ್ದು? ಅದೂ ತಪ್ಪೇ. ಕೀಪರ್ ನಿಯಮ ಮುರಿಯದೆ ನಿಂತಿದ್ದರೆ ಇವನು ನಿಂತದ್ದರಿಂದ ಅವನಿಗೆ ಏನೂ ಆಗುತ್ತಿರಲಿಲ್ಲ. ಯಾಮಾರಿದವನು ಮೊದಲು ತಾನೇ ಗೆರೆ ಬಿಟ್ಟಿದ್ದ. ಹೊಸ ಸುತ್ತೋಲೆ ಓದಿದವನು ನಾನೊಬ್ಬನೇ ಎನ್ನುವ ಜಂಬದಲ್ಲಿ ಹಳೆಯ ನಿಯಮ ಕಣ್ಣಿಗೇ ಬೀಳಲಿಲ್ಲ.

ಇಬ್ಬರದೂ ತಪ್ಪಿದ್ದರೆ ಮತ್ತೆ ಒದೆಸಬೇಕು. ನಾನು ಮತ್ತೆ ಒದೆಸಿದೆ. ಆದ್ದರಿಂದ ತೀರ್ಪು ಸರಿ. ಆದರೆ ಕಾರ್ಡ್ ಒಬ್ಬನಿಗೇ ತೋರಿಸಿದೆ. ಮೋಸಗಾರ ಎನ್ನಿಸಿಕೊಂಡವನು ಒಬ್ಬನೇ.

ಇವತ್ತು ಹುಡುಗರಿಗೆ ಡ್ರಿಲ್ ಮಾಡಿಸಲಿಲ್ಲ. ಆಡಿಕೊಳ್ಳಿ ಎಂದು ಬಿಟ್ಟೆ.

೭-೪-೧೯೮೫, ಭಾನುವಾರ

ನಿಲ್ಲದೆ ಒದೆಯುವುದನ್ನು ಕಲಿ ಎಂದು ಬಚ್ಚಪ್ಪನಿಗೆ ಹಿಂದೆಯೇ ಹೇಳಿದ್ದೆ. ನಿಯಮ ಇರುವ ತನಕ ಬೇರೆ ದಾರಿಯಿಲ್ಲ. ನಿಂತರೆ ಡಿಸೆಂಬರಿನಲ್ಲಿ ಮತ್ತೆ ಕಾರ್ಡ್, ಕೆಲಸ ಹೋದ ಹಾಗೆಯೇ. ನನ್ನ ಮಾತನ್ನು ವೇದವಾಕ್ಯ ಮಾಡಿಕೊಂಡು ದಿನಾ ಬೆಳಗಿನ ಶಿಫ್ಟಿಗೆ ಮೊದಲು ಅಭ್ಯಾಸ ಮಾಡುತ್ತಿದ್ದಾನೆ. ಇವತ್ತು ಇಪ್ಪತ್ತರಲ್ಲಿ ಹನ್ನೊಂದು ಒಳಗೆ ಹೋದವು.

"ಪರವಾಗಿಲ್ವಾ ಸಾರ್?" ಎಂದು ಕೇಳಿದ.

ಪರವಾಗಿಲ್ಲ ಎಂದೆ. ಎಲ್ಲರೂ ಒದೆಯುವ ಹಾಗೆ ಒದೆಯುತ್ತಾನೆ. ನೋಡಲು ಏನೂ ಇಲ್ಲ. ಬೇಗ ಬಸ್ಸು ಹಿಡಿದು ಬಂದುಬಿಟ್ಟೆ.

೩೦-೬-೧೯೮೫

ಇಪ್ಪತ್ತರಲ್ಲಿ ಹದಿಮೂರು. ಕಪಿಲೆ ಹೊಡೆಯುವುದನ್ನು ತಂದೆಗೇ ಬಿಟ್ಟಿದ್ದಾನಂತೆ, ಕಾಲಿಗೆ ಹಳೆ ಅಭ್ಯಾಸ ಮರೆಯಲಿ ಎಂದು. ನಾನು ಹೇಳಿರಲಿಲ್ಲ. ವೆಂಕಟರಮಣಪ್ಪ ನನ್ನ ಮುಖ ನೋಡಲಿಲ್ಲ.

೧೯-೧೦-೧೯೮೫, ಶನಿವಾರ

ಸಂಘದಿಂದ ಲಕೋಟೆ. ಒಳಗೆ ಒಂದೇ ಹಾಳೆ, ಇಂಗ್ಲಿಷಿನಲ್ಲಿ. ಓದಿ, ಕನ್ನಡಕ ಒರೆಸಿಕೊಂಡು ಮತ್ತೆ ಓದಿದೆ. ಪೆನಾಲ್ಟಿ ಒದೆಯುವವನು ನಟಿಸಿದರೆ, ನಡುವೆ ನಿಂತರೆ, ಅದು ಯಾವಾಗಲೂ ಅಪರಾಧ ಎಂದು ಹಿಂದೆ ಹೇಳಿದ್ದು ತಪ್ಪು. ಅಸಭ್ಯ ಆಟ ಹೌದೋ ಅಲ್ಲವೋ ಎಂಬುದನ್ನು ಆಯಾ ಸಂದರ್ಭ ನೋಡಿ ರೆಫ್ರಿಯೇ ತೀರ್ಮಾನಿಸಬೇಕು.

ತಪ್ಪಂತೆ! ಎಷ್ಟು ಸಲೀಸಾಗಿ ಬರೆದಿದ್ದಾರೆ ಪುಣ್ಯಾತ್ಮರು. ಅವರು ಯಾವುದೋ ದೇಶದಲ್ಲಿ ಮೇಜಿನ ಸುತ್ತ ಕೂತು ಒಂದು ಸಾಲು ಹೊಡೆದರು. ಇಲ್ಲಿ ಬಚ್ಚಪ್ಪ ಎಂಟು ತಿಂಗಳಿಂದ ತನ್ನ ಕಾಲನ್ನು ತಾನೇ ಬೈದುಕೊಂಡು ತಿದ್ದುತ್ತಿದ್ದಾನೆ, ನನ್ನ ಮಾತು ಕೇಳಿ.

ಇನ್ನೊಂದು ಯೋಚನೆ. ಇಷ್ಟು ದಿನ ಬೈದವರಿಗೆ ಪುಸ್ತಕ ತೋರಿಸುತ್ತಿದ್ದೆ. ಇನ್ನು ಮೇಲೆ ತೋರಿಸುವುದಕ್ಕೆ ಏನಿದೆ? ನನ್ನ ಕಣ್ಣು, ನನ್ನ ಬುದ್ಧಿ. ನಿಜ ಹೇಳಬೇಕೆಂದರೆ ಭಯವಾಯಿತು.

೨೦-೧೦-೧೯೮೫, ಭಾನುವಾರ

ಬೆಳಿಗ್ಗೆ ಬೇರಿಕೆ ಬಸ್ಸು ಹತ್ತಿ ಕೂತವನು ಇಳಿದು ಬಂದೆ. ಕಪ್ಪಿನ ಪಂದ್ಯಗಳ ರೆಫ್ರಿ ನಾನು. ಒಂದು ತಂಡದವನಿಗೆ ಮಾತ್ರ ಹೋಗಿ ನೀನು ನಿಲ್ಲಬಹುದು ಎಂದು ಕಿವಿಯಲ್ಲಿ ಹೇಳಿದರೆ ಅದು ನ್ಯಾಯವಲ್ಲ. ಇಷ್ಟು ದಿನ ಅವನ ಹೊಲಕ್ಕೆ ಹೋದದ್ದೇ ಹೆಚ್ಚಾಯಿತು. ಪಂದ್ಯಗಳು ಶುರುವಾಗುವ ಮೊದಲು ನಾಯಕರ ಸಭೆ ಇದೆ, ಎಲ್ಲರಿಗೂ ಅಲ್ಲೇ ಹೇಳಬೇಕು.

"ಅಲ್ಲೀತನಕ ಆ ಹುಡುಗ ಇನ್ನೂ ಆರು ವಾರ ಮರೀಲಿ ಅಂತೀರಾ?" ಎಂದಳು ಜಾನಕಿ.

ಇವಳು ರೆಫ್ರಿ ಆಗಿದ್ದರೆ ತಾಲ್ಲೂಕೆಲ್ಲಾ ನೆಟ್ಟಗಿರುತ್ತಿತ್ತು.

೧-೧೨-೧೯೮೫, ಭಾನುವಾರ

ಸಭೆ ನಮ್ಮ ಶಾಲೆಯಲ್ಲೇ. ಎಂಟು ತಂಡದ ನಾಯಕರು, ಜೊತೆಗೆ ಆಟಗಾರರು. ಸುತ್ತೋಲೆಯನ್ನು ಕನ್ನಡದಲ್ಲಿ ಓದಿದೆ, ತಮಿಳಿನಲ್ಲಿ ಹೇಳಿದೆ, ಗೊತ್ತಿದ್ದಷ್ಟು ತೆಲುಗಿನಲ್ಲೂ ಹೇಳಿದೆ. ಅಲ್ಲಿಗೆ ಕೂತುಬಿಡಬಹುದಿತ್ತು. ಕಾಲು ಕೂರಲಿಲ್ಲ.

"ಇನ್ನೊಂದು ಮಾತು" ಎಂದೆ. "ಹೋದ ವರ್ಷ ಫೈನಲ್ಲಿನಲ್ಲಿ ಬಚ್ಚಪ್ಪನಿಗೆ ಕಾರ್ಡ್ ತೋರಿಸಿದೆ. ಆವತ್ತು ಚೆಂಡು ಒದೆಯುವ ಮೊದಲೇ ಕೀಪರ್ ಕದಲಿದ್ದ. ಅದು ನನಗೆ ಕಾಣಿಸಲಿಲ್ಲ. ಬಚ್ಚಪ್ಪ ಮೋಸಗಾರ ಅಲ್ಲ. ನನ್ನ ಕಣ್ಣು ತಪ್ಪಿತು. ಈ ವರ್ಷ ನಾಲ್ಕಾರು ಸಲ ಅವನ ಹೊಲಕ್ಕೂ ಹೋಗಿ ಬಂದಿದ್ದೇನೆ. ಬೇರೆ ರೆಫ್ರಿ ಬೇಕಾದರೆ ಈಗಲೇ ಹೇಳಿ."

ಕೆಲಮಂಗಲದ ತಂಡದ ಕಾರ್ಯದರ್ಶಿ ಮುತ್ತರಾಯಪ್ಪ ನಕ್ಕುಬಿಟ್ಟ. "ನಿಮ್ಮನ್ ಬಿಟ್ರೆ ಇಲ್ಲಿ ರೆಫ್ರಿ ಯಾರವ್ರೆ ಸಾರ್? ಅವ್ನಿಗೆ ಕಾರ್ಡ್ ತೋರ್ಸಿ ನಮಗೆ ಕಪ್ಪು ಕೊಡ್ಸಿದೋರು ನೀವೇ. ನಮಗೇನ್ ಭಯ?"

ಗೋಪಾಲಪ್ಪನ ಮುಖ ಮಾತ್ರ ಕೆಂಪಾಗಿತ್ತು. ಹೊರಗೆ ಬಂದು ನನ್ನ ಮುಂದೆ ನಿಂತು, "ಈ ಸಲ ನಾನು ಕದ್ಲಲ್ಲ ಸಾರ್, ನೋಡ್ತಿರಿ" ಎಂದ. ಮರ್ಯಾದೆಯ ಹುಡುಗ.

ಬಚ್ಚಪ್ಪ ಕೊನೆಗೆ ಬಂದ. ಕೋಪ ಮಾಡಿಕೊಳ್ಳಲಿ ಎಂದು ಕಾದೆ. "ಈಗ ಹೇಳ್ತೀರಾ ಸಾರ್? ಕಾಲು ಮರ್ತುಬುಟ್ಟೈತೆ" ಎಂದ, ಅಷ್ಟೇ. ಸೈಕಲ್ ಹತ್ತಿ ಹೋದ. ಅವನ ಬೆನ್ನು ನೋಡುತ್ತಾ ನನ್ನ ಮೇಲೆ ನನಗೇ ಅಸಹ್ಯವಾಯಿತು.

೪-೧೨-೧೯೮೫

ಬೇರಿಕೆಯಿಂದ ಬರುವ ಏಳನೇ ತರಗತಿಯ ಆದಿಲಕ್ಷ್ಮಿಯನ್ನು ಸುಮ್ಮನೆ ವಿಚಾರಿಸಿದೆ. ಬಚ್ಚಪ್ಪಣ್ಣ ಮೂರು ದಿನದಿಂದ ಕಾರ್ಖಾನೆಗೆ ರಜಾ ಹಾಕಿ ಹೊತ್ತು ಹುಟ್ಟುವುದರಿಂದ ಮುಳುಗುವ ತನಕ ಕಪಿಲೆ ಹೊಡೆಯುತ್ತಿದ್ದಾನಂತೆ. ತೊಟ್ಟಿ ತುಂಬಿ ನೀರು ರಸ್ತೆಗೆ ಹರಿಯುತ್ತಿದೆಯಂತೆ, ಆದರೂ ನಿಲ್ಲಿಸಿಲ್ಲವಂತೆ. ಅವಳಿಗೆ ಒಂದು ಪೆನ್ಸಿಲ್ ಕೊಟ್ಟೆ.

೮-೧೨-೧೯೮೫, ಭಾನುವಾರ

ಫೈನಲ್. ಗುರುವಾರದಿಂದ ನಡೆದ ಪಂದ್ಯಗಳಲ್ಲಿ ಉಳಿದವು ಮತ್ತೆ ಅವೇ ಎರಡು ತಂಡ. ಇವತ್ತೇ ಬರೆಯಬೇಕು.

ಒಂದೊಂದು ಗೋಲಾಗಿತ್ತು. ಹತ್ತು ನಿಮಿಷ ಉಳಿದಿರುವಾಗ ಕಾರ್ಖಾನೆಯ ಹುಡುಗನೊಬ್ಬನನ್ನು ಗೋಲಿನ ಮುಂದೆ ಹಿಂದಿನಿಂದ ಬೀಳಿಸಿದರು. ಪೆನಾಲ್ಟಿ. ಅದರಲ್ಲಿ ಯಾರ ತಕರಾರೂ ಇರಲಿಲ್ಲ. ಇಡೀ ಮೈದಾನ ಬಚ್ಚಪ್ಪನ ಕಡೆ ನೋಡಿತು, ಆಮೇಲೆ ನನ್ನ ಕಡೆ. ಕಾರ್ಖಾನೆಯ ಮ್ಯಾನೇಜರ್ ಕುರ್ಚಿ ಬಿಟ್ಟು ಎದ್ದು ನಿಂತರು. ಹೆಂಗಸರ ಕಡೆ ಪಿಳ್ಳಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದಳು, ಪಕ್ಕದಲ್ಲಿ ಜಾನಕಿ. ಇವಳು ಯಾವಾಗ ಬಂದಳೋ.

ಗೋಪಾಲಪ್ಪ ಎರಡೂ ಪಾದ ಗೆರೆಯ ಮೇಲೆ ಊರಿ ನನಗೆ ತೋರಿಸಿದ. ತಲೆಯಾಡಿಸಿದೆ. ಸೀಟಿ ಊದಿದೆ.

ಬಚ್ಚಪ್ಪ ಓಡಿ ಬಂದ. ನಾನು ಹೆಜ್ಜೆ ಎಣಿಸಿದೆ, ರೆಫ್ರಿ ಎಣಿಸಬಾರದು, ಎಣಿಸಿದೆ. ಏಳು. ಎಂಟು. ನಿಂತ.

ಅಯ್ಯೋ, ಎಂಥ ನಿಲುವು! ಮೂರು ದಿನದಲ್ಲಿ ಕಾಲು ಎಲ್ಲಾ ನೆನಪು ಮಾಡಿಕೊಂಡಿತ್ತು. ಆದರೆ ಗೋಪಾಲಪ್ಪ ಬೀಳಲಿಲ್ಲ. ಅವನ ಮೈ ಒಂದು ಕಡೆಗೆ ವಾಲಿತು, ಪಾದ ಮಾತ್ರ ಕದಲಲಿಲ್ಲ. ಹಾರಿಬಿಡೋಣ ಎನ್ನುವ ಆ ಚಡಪಡಿಕೆ ನನಗೆ ಗೊತ್ತು. ನಾನು ಹತ್ತು ಸಲ ಬಿದ್ದಿದ್ದೇನೆ. ಅದನ್ನು ತಡೆದುಕೊಂಡು ನಿಂತನಲ್ಲ, ಆ ಹುಡುಗನಿಗೂ ಕೈ ಮುಗಿಯಬೇಕು. ಒಬ್ಬರ ಮುಂದೆ ಒಬ್ಬರು, ಇಬ್ಬರೂ ನಿಂತೇ ಇದ್ದರು.

ಇನ್ನು ಯಾಮಾರಿಸಲು ಏನೂ ಉಳಿದಿರಲಿಲ್ಲ. ಓಟದ ಬಲವೂ ಮುಗಿದಿತ್ತು. ಬಚ್ಚಪ್ಪ ಒಂದು ಹೆಜ್ಜೆಯೂ ಹಿಂದೆ ಹೋಗಲಿಲ್ಲ. ನಿಂತ ನಿಲುವಿನಲ್ಲೇ, ಸೊಂಟದಿಂದ ಕೆಳಕ್ಕೆ ಮಾತ್ರ ತಿರುಗಿ, ಬಲಗಾಲು ಬೀಸಿದ. ಹದಿನೇಳು ವರ್ಷ ಎತ್ತಿನ ಜೊತೆ ಮಿಣಿ ಎಳೆದ ಕಾಲು. ಚೆಂಡು ನೆಲಕ್ಕೆ ಅಂಟಿಕೊಂಡೇ ಎಡ ಮೂಲೆಗೆ ಹೋಯಿತು. ಗೋಪಾಲಪ್ಪ ಸರಿಯಾದ ಕಡೆಗೇ ಹಾರಿದ, ಅವನ ಬೆರಳಿಗೂ ತಾಗಿತು. ತಾಗಿಕೊಂಡೇ ಒಳಗೆ ಹೋಯಿತು.

ಮೋಸ ಎಲ್ಲಿತ್ತು ಅದರಲ್ಲಿ? ಇಬ್ಬರಿಗೂ ಎಲ್ಲಾ ಗೊತ್ತಿತ್ತು. ಎಲ್ಲಾ ಗೊತ್ತಿದ್ದವನ ಮುಂದೆ ನಿಂತು ಹೊಡೆದ ಗೋಲು ಅದು. ನಮ್ಮ ಬಚ್ಚಪ್ಪನಂಥ ಆಟಗಾರನನ್ನು ನಾನು ನೋಡಿಲ್ಲ, ಇನ್ನು ನೋಡುವುದೂ ಇಲ್ಲ.

ಗೋಲು ಎಂದು ಸೀಟಿ ಊದಬೇಕು. ಸದ್ದು ಕೇಳಿಸುತ್ತಿದೆ, ಆದರೆ ಸೀಟಿಯದಲ್ಲ. ಕೆಳಗೆ ನೋಡಿದರೆ ನನ್ನ ಎರಡೂ ಕೈ ಚಪ್ಪಾಳೆ ತಟ್ಟುತ್ತಿವೆ. ಮೈದಾನದ ನಡುವೆ, ಕಪ್ಪು ಅಂಗಿ ಹಾಕಿಕೊಂಡು, ರೆಫ್ರಿ ಚಪ್ಪಾಳೆ ತಟ್ಟುತ್ತಿದ್ದೇನೆ! ಆಮೇಲೆ ಊದಿದೆ.

ಮುತ್ತರಾಯಪ್ಪ ಹಾರಿ ಬಂದ. "ಏನ್ ಸಾರ್ ಇದು, ನೀವು ರೆಫ್ರೀನಾ ಅವ್ರ ಬೀಗ್ರಾ? ಸಂಘಕ್ಕೆ ಬರ್ದು ಕಳಿಸ್ತೀನಿ, ಸುಮ್ನೆ ಬಿಡಲ್ಲ" ಎಂದು ಕೂಗಾಡಿದ. ಅವನನ್ನು ಹಿಡಿದುಕೊಂಡವನು ಗೋಪಾಲಪ್ಪ. "ಗೋಲು ಗೋಲೇ ಕಣಣ್ಣೋ. ನಾನ್ ಕದ್ಲಿಲ್ಲ, ಅವ್ನೂ ಮೋಸ ಮಾಡ್ಲಿಲ್ಲ, ಬಿಡು" ಎಂದ. ಪಂದ್ಯ ಎರಡು ಒಂದರಲ್ಲಿ ಮುಗಿಯಿತು. ಕಪ್ಪು ಕಾರ್ಖಾನೆಗೆ.

೯-೧೨-೧೯೮೫

ಪಂದ್ಯದ ವರದಿ ಬರೆದೆ. ಕಿಕ್ಕಿನಲ್ಲಿ ಅಸಭ್ಯ ಆಟವಿರಲಿಲ್ಲ, ಗೋಲು ನಿಯಮದ ಪ್ರಕಾರ ಸರಿ ಎಂದು ಕಾರಣ ಸಹಿತ ಬರೆದೆ. ಅದರ ಕೆಳಗೆ, ಗೋಲಾದ ಮೇಲೆ ರೆಫ್ರಿ ಚಪ್ಪಾಳೆ ತಟ್ಟಿದ, ಅದು ತಪ್ಪು ಎಂದೂ ಬರೆದೆ. ಮುತ್ತರಾಯಪ್ಪ ಬರೆಯುತ್ತಾನೆ ಎಂದಲ್ಲ. ನಡೆದದ್ದು ನಡೆದ ಹಾಗೆ ಬರೆಯಬೇಕು.

"ಮದ್ರಾಸು?" ಎಂದಳು ಜಾನಕಿ.

"ಮದ್ರಾಸಿನಲ್ಲಿ ಬರೀ ಸೆಕೆ" ಎಂದೆ.

೫-೧-೧೯೮೬, ಭಾನುವಾರ

ಪಿಳ್ಳಮ್ಮನೂ ಬಚ್ಚಪ್ಪನೂ ಬಂದಿದ್ದರು. ಕಾರ್ಖಾನೆಯ ಕಾಗದ ಇಂಗ್ಲಿಷಿನಲ್ಲಿದೆ, ಏನೆಂದು ಓದಿ ಹೇಳಿ ಎಂದರು. ಗಟ್ಟಿಯಾಗಿ ಕನ್ನಡದಲ್ಲಿ ಓದಿದೆ. ಜನವರಿ ಒಂದರಿಂದ ಪರ್ಮನೆಂಟ್. ಪಿಳ್ಳಮ್ಮ ಇನ್ನೊಂದು ಸಲ ಓದಿ ಎಂದಳು. ಮತ್ತೆ ಓದಿದೆ. ಮೂರನೇ ಸಲಕ್ಕೆ ಅವಳೂ ಅತ್ತಳು, ಜಾನಕಿಯೂ ಅತ್ತಳು. ಬಚ್ಚಪ್ಪ ಬಾಗಿಲ ಹತ್ತಿರವೇ ನಿಂತು, "ನಿಮ್ಮ ಸೀಟಿ ಕಿತ್ಕಂಡ್ಬುಟ್ರಂತೆ, ಹೌದಾ ಸಾರ್?" ಎಂದ. ಕಾಫಿ ಆರುತ್ತೆ, ಕುಡಿ ಎಂದೆ.

ಹೌದು. ಸಂಘದ ಕಾಗದ ಶುಕ್ರವಾರವೇ ಬಂದಿತ್ತು. ಗೋಲನ್ನು ಒಪ್ಪಿದ್ದಾರೆ. ನನ್ನ ಹೆಸರನ್ನು ರೆಫ್ರಿಗಳ ಪಟ್ಟಿಯಿಂದ ತೆಗೆದಿದ್ದಾರೆ. ಹೇಳುವುದಿದ್ದರೆ ಬರೆದು ತಿಳಿಸಿ ಎಂದಿದ್ದಾರೆ.

ಅವರು ಹೋದ ಮೇಲೆ ಕೂತು ಉತ್ತರ ಬರೆದೆ. ತಮ್ಮ ತೀರ್ಮಾನ ಸರಿಯಾಗಿದೆ, ರೆಫ್ರಿಯಾದವನು ಚಪ್ಪಾಳೆ ತಟ್ಟಬಾರದು, ನನ್ನ ಕಡೆಯಿಂದ ತಕರಾರಿಲ್ಲ. ಕೊನೆಗೆ ಒಂದು ಸಾಲು ಸೇರಿಸಿದೆ: ಅಂಥ ಪೆನಾಲ್ಟಿ ಇನ್ನೊಮ್ಮೆ ಕಂಡರೆ ಇನ್ನೊಮ್ಮೆ ತಟ್ಟುತ್ತೇನೆ.

ಜಾನಕಿ ಓದಿ, "ಆ ಸಾಲು ಹೊಡೆದುಹಾಕಿ, ಏನಂದ್ಕೊಳ್ತಾರೆ" ಎಂದಳು. ಹೊಡೆಯಲಿಲ್ಲ. ಹಾಗೇ ಮಡಿಸಿ, ಲಕೋಟೆ ಅಂಟಿಸಿ, ಅಂಚೆಡಬ್ಬಿಗೆ ಹಾಕಿ ಬಂದೆ.